ಎರಡು ಬಾಗಿಲಿಗೆ ಒಂದು ಕಮಾನು

ಪದಗಳ ಬೇರು ಅಗೆಯುವುದೆಂದರೆ ಡಾಗ್ನಿ ಟೀಚರಿಗೆ ಊಟ ನಿದ್ದೆ ಬೇಡ. ಜಟ್‌ಲ್ಯಾಂಡಿನ ಆ ಪುಟ್ಟ ಊರಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ಅಲ್ಲಿನ ಭಾಷೆಯಲ್ಲಿ ಅವಳಿಗೆ ಬಲು ಇಷ್ಟದ ಪದ ‘ನಾಬೋ’, ಅಂದರೆ ನೆರೆಯವನು. ‘ನಾ’ ಎಂದರೆ ಹತ್ತಿರ, ‘ಬೋ’ ಎಂದರೆ ವಾಸಿಸುವವನು. ಜರ್ಮನ್ನರ ‘ನಾಖ್‌ಬಾರ್’, ಇಂಗ್ಲಿಷರ ‘ನೇಬರ್’ ಎಲ್ಲ ಒಂದೇ ಬೇರಿನ ಚಿಗುರು, ರೈತನಿಗೆ ಹೇಳುವ ‘ಬೊನ್ನೆ’ಯೂ ಅದರ ದಾಯಾದಿಯೇ ಎಂದು ಅಂಗಡಿಗೆ ಬೆಣ್ಣೆ ಕೊಳ್ಳಲು ಬಂದವರನ್ನೂ ಹಿಡಿದು ನಿಲ್ಲಿಸಿ ಹೇಳುತ್ತಿದ್ದಳು.

ಪಕ್ಕದ ಮನೆಯ ಮೊವೆನ್ಸ್ ಜೊತೆ ಮಾತ್ರ ಮಾತಿಲ್ಲ, ಕತೆಯಿಲ್ಲ. ಎರಡು ವರ್ಷದ ಹಿಂದೆ ಅವನ ಕರು ಅವಳ ಸ್ಟ್ರಾಬೆರಿ ಪಾತಿ ತುಳಿದಿತ್ತು. ಅದೇ ವಾರ ಅವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಊರ ಪದ್ಧತಿಯಂತೆ ಆ ದಿನ ದಂಪತಿಯ ಬಾಗಿಲಿಗೆ ಸ್ಪ್ರೂಸ್ ಮರದ ಹಸಿರು ರೆಂಬೆಗಳ ಕಮಾನು ಕಟ್ಟಿ, ಬೆಳಗ್ಗೆ ಹಾಡಿ ಎಬ್ಬಿಸಬೇಕಾದವರು ನೆರೆಯವರು. ಅದಕ್ಕೆ ಮುಂದಾಗಬೇಕಾದವರು ತೀರ ಹತ್ತಿರದ ಮನೆಯವರು. ಡಾಗ್ನಿ ಮುಖ ಊದಿಸಿಕೊಂಡು ಒಳಗೇ ಕೂತಳು. ಅವನ ಬಾಗಿಲು ಬೋಳಾಗಿಯೇ ಉಳಿಯಿತು.

ಈ ಶನಿವಾರ ಅವಳ ಮದುವೆಗೆ ಇಪ್ಪತ್ತೈದು ತುಂಬುವ ಸರದಿ. ನಲವತ್ತು ಜನಕ್ಕೆ ಬನ್ನು ಸುಟ್ಟಿಟ್ಟು, ಬೆಳಗ್ಗೆ ಆರಕ್ಕೇ ಎದ್ದು ತಲೆ ಬಾಚಿ, ಪದ್ಧತಿಯಂತೆ ಮತ್ತೆ ಹಾಸಿಗೆ ಸೇರಿ ನಿದ್ದೆಯ ನಾಟಕ ಹೂಡಿದಳು.

“ಕಣ್ಣು ಬಿಟ್ಕೊಂಡೇ ಗೊರಕೆ ಹೊಡೀತಿದ್ದೀಯಲ್ಲೇ,” ಎಂದ ಗಂಡ ಫ್ರೋಡ.

“ಸುಮ್ನಿರೋ. ಆ ಮೊವೆನ್ಸ್ ಯಾಕೆ ಬರ್ತಾನೆ? ನಾನು ಮಾಡಿದ್ದೇನು ನೆಟ್ಟಗಿತ್ತಾ?”

ಏಳಕ್ಕೆ ಅಂಗಳದಲ್ಲಿ ತುತ್ತೂರಿ ಕೂಗಿತು, ಹಿಂದೆಯೇ ಹಾಡು. ಡಾಗ್ನಿ ಬರಿಗಾಲಲ್ಲೇ ಓಡಿ ಬಾಗಿಲು ತೆರೆದಳು. ಮೇಲೆ ಹಸಿರು ಕಮಾನು, ನಡುವೆ ಬೆಳ್ಳಿ ಕಾಗದದ ಇಪ್ಪತ್ತೈದರ ಅಂಕಿ, ಪಕ್ಕದಲ್ಲಿ ಏಣಿ ಹಿಡಿದ ಮೊವೆನ್ಸ್.

“ಸುತ್ತಿಗೆ ಸದ್ದೇ ಕೇಳ್ಲಿಲ್ವಲ್ಲ,” ಎಂದಳು.

“ನಮ್ಮ ಕೊಟ್ಟಿಗೇಲೇ ಕಟ್ಟಿ ಹೊತ್ಕೊಂಡು ಬಂದ್ವಿ. ನಿಮ್ಮ ಕಿವಿ ಗೊತ್ತಿಲ್ವಾ, ಟೀಚರಮ್ಮ.”

“ನಿಮ್ಮ ಬಾಗಿಲಿಗೆ ನಾನೊಂದು ರೆಂಬೇನೂ ತರ್ಲಿಲ್ಲ ಮೊವೆನ್ಸ್. ತಪ್ಪು ನಂದು.”

“ಹತ್ತಿರ ಇರೋನೇ ನಾಬೋ ಅಂತ ಊರಿಗೆಲ್ಲ ಪಾಠ ಹೇಳಿದ್ದು ನೀವೇ ತಾನೆ? ಕೋಪ ಬಂತು ಅಂತ ನನ್ನ ಮನೆ ಎದ್ದು ದೂರ ಹೋಗುತ್ತಾ?”

ಡಾಗ್ನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇಷ್ಟು ವರ್ಷ ತಾನು ಆ ಪದವನ್ನು ಬಾಯಿಪಾಠ ಮಾಡಿದ್ದೇ ಬಂತು, ಅದರಂತೆ ಬದುಕಿ ತೋರಿಸಿದವನು ಈ ರೈತ.

ಕಾಫಿ ಮುಗಿಯುವುದೇ ತಡ, ಅವಳು ಎದ್ದು ಏಣಿ ಹತ್ತಿದಳು. ಕಮಾನು ಬಿಚ್ಚಿ ನಾಲ್ಕು ಜನರ ಹೆಗಲಿಗೆ ಹೊರಿಸಿದಳು. ಉಳಿದ ಬನ್ನಿನ ಬುಟ್ಟಿ ಫ್ರೋಡನ ತಲೆಗೆ.

“ಏನ್ ಟೀಚರಮ್ಮ ಇದು?” ಎಂದ ಮೊವೆನ್ಸ್.

“ಹೆಂಡತೀನ ಕರ್ಕೊಂಡು ಹೋಗಿ ಮಲಗ್ರಿ. ಬೂಟು ಬಿಚ್ಚದಿದ್ರೂ ಪರವಾಗಿಲ್ಲ, ಕಣ್ಣು ಮಾತ್ರ ಮುಚ್ಚಿರಿ. ನಾವು ಎಬ್ಬಿಸೋಕೆ ಬರ್ತಿದ್ದೀವಿ.”