ಮೂವತ್ತಾರು ಅಂಗಿ, ಒಂದು ದೋಣಿ ಸಿನಿಮಾ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಉದ್ದ ಮೇಜು, ಗೋಡೆಯ ಮೊಳೆಗಳಲ್ಲಿ ಹ್ಯಾಂಗರುಗಳು. ಕಾಜಾ ಹಾಕಲು ನಾದಿನಿ, ಗುಂಡಿ ಹಚ್ಚಲು ಅತ್ತೆ. ಇಷ್ಟು ವರ್ಷ ಅಲ್ಲಿಗೆ ಬರುತ್ತಿದ್ದದ್ದು ಬರೀ ಚಿಲ್ಲರೆ ಕೆಲಸ: ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಪರದೆಯ ಅಂಚು ಮಡಿಸುವುದು. ಹಾಗಾಗಿ ಆಸ್ಪತ್ರೆಯ ಹೆಡ್ ನರ್ಸ್ ಬಂದು, ತಿಳಿನೀಲಿ ಬಟ್ಟೆಯ ಥಾನನ್ನು ಮೇಜಿನ ಮೇಲೆ ಇಳಿಸಿ, ಮೂವತ್ತಾರು ಅಂಗಿ ಬೇಕು ಎಂದಾಗ ಟೇಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮೊದಲು ಒಂದು ಹೊಲಿದು ತೋರಿಸಿ. ನಾನೇ ಹಾಕಿಕೊಂಡು ನೋಡ್ತೀನಿ," ಎಂದರು ಹೆಡ್ ನರ್ಸ್. "ನಮ್ಮ ಹುಡುಗಿಯರು ದಿನವಿಡೀ ರೋಗಿಗಳನ್ನ ಎತ್ತಬೇಕು, ಮಲಗಿಸಬೇಕು. ವಾರ್ಡಿನ ನಡುವೆ ಕಂಕುಳು ಹರಿದರೆ ಮಾನ ಹೋಗುತ್ತೆ."

"ನೀವು ನಿಶ್ಚಿಂತೆಯಾಗಿರಿ," ಎಂದಳು ಟೇಪಕ್ಕ. ಅವಳು ಹಾಗೆ ಹೇಳಿದ್ದರಲ್ಲಿ ಜಂಬ ಇರಲಿಲ್ಲ. ಅವಳ ಹೊಲಿಗೆ ಬಿಟ್ಟುಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಬಾಬಿನ್ ತುಂಬಿಸಿ, ಫೋನನ್ನು ದಾರದ ಡಬ್ಬಿಗೆ ಒರಗಿಸಿ, ಒಂದು ಹಳೆಯ ಸಿನಿಮಾ ಹಾಕುತ್ತಿದ್ದಳು. ಹೆಸರು ಏನೇ ಇರಲಿ, ಅವಳ ಪಾಲಿಗೆ ಅದು ದೋಣಿ ಸಿನಿಮಾ. ಜನರನ್ನು ನದಿ ದಾಟಿಸುವ ದೋಣಿಯವನೊಬ್ಬ, ದಿನವೂ ಆ ದೋಣಿಯಲ್ಲೇ ಶಾಲೆಗೆ ಹೋಗುವ ಟೀಚರ್, ನದಿಗೆ ಕಟ್ಟುತ್ತಿರುವ ಸೇತುವೆ. ಆರು ವರ್ಷದಿಂದ ಅದೇ. ಅವಳ ಪಾದ ಆ ಸಿನಿಮಾದ ಮಾತಿನ ಓಟಕ್ಕೆ ಒಗ್ಗಿಹೋಗಿತ್ತು. ಬಾಬಿನ್ ಎಂದರೆ ಯಂತ್ರದ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ. ಅದು ಕಣ್ಣಿಗೆ ಬೀಳುವುದಿಲ್ಲ. ಖಾಲಿಯಾದರೂ ಸೂಜಿ ಕುಣಿಯುತ್ತಲೇ ಇರುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ. ಸಿನಿಮಾದಲ್ಲಿ ದೋಣಿ ಎರಡನೆಯ ಸಲ ಹಾರ್ನ್ ಹೊಡೆದಾಗ ಟೇಪಕ್ಕನ ಕೈ ತಾನಾಗಿ ಬಾಬಿನ್ ಬದಲಿಸಲು ಹೋಗುತ್ತಿತ್ತು. ತೆಗೆದು ನೋಡಿದರೆ ಮೂರೋ ನಾಲ್ಕೋ ಸುತ್ತು ದಾರ ಉಳಿದಿರುತ್ತಿತ್ತು, ಅಷ್ಟೆ.

ತಿಂಗಳ ಮೊದಲ ದಿನ ಮಾದರಿ ಅಂಗಿ ಹೊಲಿಯಲು ಕೂತು ಫೋನ್ ಒತ್ತಿದಳು. ಸಿನಿಮಾ ಇರಬೇಕಾದ ಜಾಗದಲ್ಲಿ ಯಾರೋ ಬಂದೂಕು ಹಿಡಿದು ನಿಂತಿದ್ದ.

ನಾದಿನಿ ಹುಡುಕಿದಳು, ಮತ್ತೆ ಹುಡುಕಿದಳು. "ಹೋಗಿದೆ ಅತ್ತಿಗೆ."

"ಎಲ್ಲಿಗೆ?"

"ಹೋಗಿದೆ ಅಂದರೆ ಆ್ಯಪಿನವರು ತೆಗೆದುಬಿಟ್ಟಿದ್ದಾರೆ. ತೋರಿಸೋ ಹಕ್ಕು ಮುಗಿಯಿತಂತೆ. ಹದಿನೈದು ದಿನದಿಂದ ಚಿತ್ರದ ಕೆಳಗೆ ಬರೆದಿದ್ದರಂತಲ್ಲ, ನೀವು ನೋಡಲಿಲ್ಲವಾ?"

"ಆರು ವರ್ಷ ನೋಡಿದವಳಿಗೆ ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ನೀನೆಲ್ಲಿ ನೋಡಿದೆ?" ಎಂದರು ಅತ್ತೆ ಗುಂಡಿ ಆರಿಸುತ್ತ. "ತಲೆ ಎತ್ತಿದ್ದನ್ನೇ ನಾನು ಕಂಡಿಲ್ಲ. ಕೇಳಿದೆ ಅನ್ನು."

ಸುಮ್ಮನೆ ಹೊಲಿಯಲು ನೋಡಿದಳು. ಕೋಣೆ ಬಿಕೋ ಎಂದಿತು, ಪಾದ ತಡವರಿಸಿತು. ಕೊನೆಗೆ ಬೇರೆ ದಾರಿ ಕಾಣದೆ ಬಂದೂಕಿನವನ ಸಿನಿಮಾವನ್ನೇ ಹಾಕಿದಳು. ಎಡವಟ್ಟಾದದ್ದು ಅಲ್ಲೇ. ಗೊತ್ತಿಲ್ಲದ ಸಿನಿಮಾ ಕಣ್ಣನ್ನು ಎಳೆಯುತ್ತದೆ. ಯಾರು ಕೂಗಿದರು, ಯಾರು ಬಿದ್ದರು ಎಂದು ಟೇಪಕ್ಕ ಮತ್ತೆ ಮತ್ತೆ ತಲೆ ಎತ್ತಿದಳು. ಅಲ್ಲಿ ಕಾರು ಓಡಿದಂತೆ ಇಲ್ಲಿ ಪಾದವೂ ಓಡಿತು. ಬಲತೋಳು ಹೊಲಿಯುವಾಗ ಬಾಬಿನ್ ಖಾಲಿಯಾದದ್ದು ಅವಳಿಗೆ ತಿಳಿಯಲೇ ಇಲ್ಲ.

ತೋಳು ಕೂಡಿಸುವ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕುವುದು ಅವಳ ಪದ್ಧತಿ. ಆ ಕಚ್ಚಾ ದಾರವೇ ತೋಳನ್ನು ಹಿಡಿದುಕೊಂಡಿತ್ತು. ಮರುದಿನ ಹೆಡ್ ನರ್ಸ್ ಅಂಗಿ ತೊಟ್ಟರು, ಕನ್ನಡಿ ನೋಡಿ ತಲೆದೂಗಿದರು, ರೋಗಿಯನ್ನು ಎತ್ತುವವರಂತೆ ಕೈ ಮೇಲೆತ್ತಿದರು. ಪರ್ ಎಂದಿತು. ತೋಳು ಜಾರಿ ಮೊಣಕೈಗೆ ಬಂದು ಕೂತಿತು.

ಟೇಪಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಡ್ ನರ್ಸ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತೋಳನ್ನು ಮಡಚಿ ಮೇಜಿನ ಮೇಲಿಟ್ಟು, "ಮುಂದಿನ ವಾರ ಗುರುವಾರ ಬರ್ತೀನಿ," ಎಂದರು. "ಮೂವತ್ತಾರೂ ಆಗಿರಬೇಕು. ಒಂದೊಂದನ್ನೂ ಎಳೆದು ನೋಡ್ತೀನಿ. ಒಂದು ಬಿಟ್ಟುಕೊಂಡರೂ ಎಲ್ಲವನ್ನೂ ದೊಡ್ಡ ಅಂಗಡಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅಂದು ಟೇಪಕ್ಕ ಫೋನನ್ನು ಒಳಗಿಟ್ಟು ಬಂದಳು. ಒಂದು ಅಂಗಿ ಹೊಲಿಯುವಷ್ಟರಲ್ಲಿ ಐದು ಸಲ ಬಾಬಿನ್ ತೆಗೆದು ನೋಡಿದಳು. ಐದು ಸಲವೂ ಅದರಲ್ಲಿ ದಾರ ಬೇಕಾದಷ್ಟಿತ್ತು. ಹೀಗೆ ಹೆದರಿ ಹೊಲಿದರೆ ಗುರುವಾರಕ್ಕೆ ಇಪ್ಪತ್ತೂ ಮುಗಿಯುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಆ ಮೌನ ತಡೆಯಲಾಗದೆ ಅತ್ತೆಯೇ ಬಾಯಿ ತೆರೆದರು. "ಅಲ್ಲಮ್ಮಾ, ಆ ದೋಣಿಯವನು ಕೊನೆಗೆ ಏನಾದ? ನನಗೆ ಯಾವತ್ತೂ ಊಟದ ಮೇಲೆ ಕಣ್ಣು ಹತ್ತಿಬಿಡ್ತಿತ್ತು."

"ಕೊನೆ ಹೇಳಬೇಕಾದರೆ ಮೊದಲಿಂದ ಹೇಳಬೇಕು ಅತ್ತೆ."

"ಹೇಳು. ನಾನೇನು ರೈಲು ಹಿಡೀಬೇಕಾ?"

ಟೇಪಕ್ಕ ತುಂಬಿದ ಬಾಬಿನ್ ಹಾಕಿ, ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ ಶುರು ಮಾಡಿದಳು. ಮೊದಲು ನೀರಿನ ಸದ್ದು, ಆಮೇಲೆ ದೋಣಿಯವನ ಕೆಮ್ಮು, ಆಮೇಲೆ ಟೀಚರ್ "ಇವತ್ತೂ ತಡವಾಯಿತಲ್ಲ" ಅನ್ನುವುದು. ಒಂದು ಮಾತಿನ ಹಿಂದೆ ಇನ್ನೊಂದು ತಾನಾಗಿ ಬಂತು. ದೋಣಿಯವನಿಗೆ ದಪ್ಪ ಗಂಟಲು, ಟೀಚರಿಗೆ ಮೆಲುದನಿ, ಸೇತುವೆಯ ಇಂಜಿನಿಯರನಿಗೆ ಮೂಗಿನ ಮಾತು. ಪಾದ ಯಾವಾಗ ತನ್ನ ಹಳೆಯ ಲಯಕ್ಕೆ ಬಂತೋ ಅವಳಿಗೇ ಗೊತ್ತಾಗಲಿಲ್ಲ.

"ದೋಣಿಯವನಿಗೆ ಗಡ್ಡ ಇತ್ತಾ?" ಎಂದರು ಅತ್ತೆ.

"ನೋಡಿದವರು ಯಾರು? ದನಿ ಕೇಳಿದರೆ ಇದ್ದಿರಬಹುದು ಅನಿಸುತ್ತೆ."

"ಹಾಗಾದರೆ ಇರಲಿ. ಬಿಳಿ ಗಡ್ಡ."

"ಅಮ್ಮಾ, ಅವನಿಗೆ ಮೂವತ್ತು ವರ್ಷ!" ಎಂದು ನಾದಿನಿ ರೇಗಿದಳು. "ಮಾತಾಡ್ಬೇಡ, ಕಥೆ ನಿಲ್ಲುತ್ತೆ."

ದೋಣಿ ಎರಡನೆಯ ಸಲ ಹಾರ್ನ್ ಹೊಡೆಯುವ ಜಾಗ ಬಂತು. ಟೇಪಕ್ಕ ಕೆನ್ನೆ ಉಬ್ಬಿಸಿ "ಬ್ವಾಂ" ಎಂದಳು. ಕೈ ತಾನಾಗಿ ಕೆಳಗೆ ಹೋಯಿತು. ಬಾಬಿನ್ ಹೊರತೆಗೆದು ಬೆಳಕಿಗೆ ಹಿಡಿದಳು. ನಾಲ್ಕು ಸುತ್ತು ದಾರ ಉಳಿದಿತ್ತು.

ಅವಳು ಕೂತಲ್ಲೇ ಜೋರಾಗಿ ನಕ್ಕುಬಿಟ್ಟಳು. "ಅವರು ತೆಗೆದದ್ದು ಫೋನಿನಿಂದ ಮಾತ್ರ ಕಣೆ!"

ಅಂದಿನಿಂದ ದಿನಕ್ಕೆ ನಾಲ್ಕು ಅಂಗಿ, ಕೆಲವು ದಿನ ಐದು. ಕಥೆ ದಿನಕ್ಕೆ ಎರಡು ಸಲ ಮೊದಲಿನಿಂದ ನಡೆಯುತ್ತಿತ್ತು. ನಾದಿನಿ ಟೀಚರಿನ ಮಾತುಗಳನ್ನು ತಾನೇ ವಹಿಸಿಕೊಂಡಳು. ಅತ್ತೆಗೆ ಹಾರ್ನ್ ಕೊಟ್ಟದ್ದು ತಪ್ಪಾಯಿತು, ಅವರು ಬೇಕೆಂದಾಗಲೆಲ್ಲ ಹೊಡೆದರು. ಒಂದು ದಿನ ಅರ್ಧ ತುಂಬಿದ ಬಾಬಿನ್ ಹೊರಬಂದ ಮೇಲೆ ಟೇಪಕ್ಕ ಹಾರ್ನನ್ನು ಖಡಾಖಂಡಿತವಾಗಿ ವಾಪಸು ತೆಗೆದುಕೊಂಡಳು. ಪ್ಯಾಂಟು ಕೊಡಲು ಬಂದವರು ಪ್ಯಾಂಟು ಕೊಟ್ಟ ಮೇಲೂ ಬಾಗಿಲಿಗೆ ಒರಗಿ ನಿಲ್ಲತೊಡಗಿದರು. ಅತ್ತೆಗೆ ಮಾತ್ರ ಕೊನೆ ಕೇಳುವ ಯೋಗ ಬರಲಿಲ್ಲ. ಊಟದ ಮೇಲೆ ಕಣ್ಣು ಹತ್ತುವುದು ತಪ್ಪಲಿಲ್ಲ.

ಗುರುವಾರ ಹೆಡ್ ನರ್ಸ್ ಎಣಿಸಿದ್ದಕ್ಕಿಂತ ಮೊದಲೇ ಬಂದರು. ಮೂವತ್ತೈದು ಅಂಗಿ ಮಡಚಿ ಮೇಜಿನ ಮೇಲಿದ್ದವು. ಕೊನೆಯದು ಸೂಜಿಯ ಕೆಳಗಿತ್ತು.

"ಇನ್ನೂ ಆಗಿಲ್ಲವಾ?"

"ಕೂತ್ಕೊಳ್ಳಿ," ಎಂದಳು ಟೇಪಕ್ಕ ತಲೆ ಎತ್ತದೆ. "ಒಂದು ತೋಳು ಬಾಕಿ. ಅಷ್ಟರಲ್ಲಿ ಅವನ್ನ ಎಳೆದು ನೋಡಿ. ಚೆನ್ನಾಗಿ ಎಳೀರಿ." ಮತ್ತೆ ಬಿಟ್ಟಲ್ಲಿಂದ ಹಿಡಿದಳು: "ಸೇತುವೆ ಶುರುವಾದ ದಿನ ಊರಿಗೆ ಊರೇ ಅದರ ಮೇಲೆ ನಡೀತು. ದೋಣಿಯವನು ಒಬ್ಬನೇ ಕೆಳಗೆ ಕೂತಿದ್ದ, ಹಗ್ಗ ಬಿಚ್ಚಲೋ ಬೇಡವೋ ಅಂತ..."

ಹೆಡ್ ನರ್ಸ್ ಒಂದೊಂದೇ ಅಂಗಿಯ ತೋಳು ಹಿಡಿದು ಎಳೆದರು. ಮೊದಲ ಹತ್ತನ್ನು ಹಲ್ಲು ಕಚ್ಚಿ ಎಳೆದರು. ಒಂದು ಎಳೆಯೂ ಜಗ್ಗಲಿಲ್ಲ. ಇಪ್ಪತ್ತರ ಹೊತ್ತಿಗೆ ಎಳೆಯುವ ಕೈ ನಿಧಾನವಾಯಿತು, ಕಿವಿ ಈ ಕಡೆ ತಿರುಗಿತು. ಮೂವತ್ತೈದನೆಯದನ್ನು ಮಡಿಲಲ್ಲಿಟ್ಟುಕೊಂಡು ಅವರು ಕೇಳಿಯೇಬಿಟ್ಟರು: "ಟೀಚರ್ ಬಂದರಾ, ಇಲ್ಲವಾ?"

ಅತ್ತೆ ಕೂಡ ಅಂದು ಹಟ ಹಿಡಿದು ಎಚ್ಚರವಿದ್ದರು.

"ಬಂದರು. ಸೇತುವೆ ಬಿಟ್ಟು ಮೆಟ್ಟಿಲಿಳಿದು ಬಂದರು. ದೋಣಿಯಲ್ಲಿ ತಮ್ಮ ಜಾಗದಲ್ಲಿ ಕೂತು..."

"ಇವತ್ತೂ ತಡವಾಯಿತಲ್ಲ," ಎಂದಳು ನಾದಿನಿ.

ಟೇಪಕ್ಕ ದಾರ ಕತ್ತರಿಸಿ, ಕೊನೆಯ ಅಂಗಿಯನ್ನು ಕೊಡವಿ ಹೆಡ್ ನರ್ಸಿಗೆ ಚಾಚಿದಳು. ಅವರು ತೊಟ್ಟುಕೊಂಡು ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿದರು. ಬಗ್ಗಿದರು, ಎದ್ದರು, ಕೈ ಮೇಲೆತ್ತಿಕೊಂಡೇ ಒಂದು ಸುತ್ತು ತಿರುಗಿದರು. ಸದ್ದೇ ಇಲ್ಲ.

"ಕೈ ಇಳಿಸಮ್ಮಾ," ಎಂದರು ಅತ್ತೆ. "ಬೀದಿಯವರು ನೋಡಿದರೆ ನಾವು ನಿನ್ನನ್ನ ದೋಚ್ತಿದ್ದೀವಿ ಅಂದ್ಕೋತಾರೆ."

ಹೆಡ್ ನರ್ಸ್ ನಕ್ಕರು. ಕೈ ಮಾತ್ರ ಇಳಿಸಲಿಲ್ಲ. "ಮೇಲಿನ ಮಹಡಿಯ ವಾರ್ಡಿನವರಿಗೂ ನಲವತ್ತು ಬೇಕು," ಎಂದರು. "ಎಷ್ಟು ದಿನ ಬೇಕು ನಿಮಗೆ?"

ಟೇಪಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಇಪ್ಪತ್ತು ಸಿನಿಮಾ," ಎಂದಳು.