ಚೆನ್ನಬಸಮ್ಮ ಟೀಚರ್ ಹೊಟ್ಟೆನೋವು

ಚೆನ್ನಬಸಮ್ಮ ಟೀಚರ್ ಹೊಸಪೇಟೆಯ ಬಾಡಿಗೆ ಮನೆಯೊಂದರಲ್ಲಿ ಒಬ್ಬರೇ ಇದ್ದರು. ಪಾಪಿನಾಯಕನಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರಬೇಕು. ಅದಿರು ಲಾರಿಗಳು ಮೈಲಿಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದ ವರ್ಷಗಳವು. ಅರ್ಧ ಗಂಟೆಯ ದಾರಿ ಒಮ್ಮೊಮ್ಮೆ ಮೂರು ಗಂಟೆಯಾಗುತ್ತಿತ್ತು.

2003ರ ಮಳೆಗಾಲದಲ್ಲಿ ಅವರಿಗೆ ಜೋರು ಭೇದಿಯಾಯಿತು. ಭೇದಿ ನಿಂತಿತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಬಸ್ಸು ನಿಂತರೆ ಸಾಕು, ಕರುಳು ಹಿಂಡಿ, ಆಗಲೇ ಪಾಯಖಾನೆಗೆ ಓಡಬೇಕೆನಿಸಿ ಬೆವರು ಕಿತ್ತು ಬರುತ್ತಿತ್ತು. ಬೆಳಗಿನ ತಿಂಡಿ ಬಿಟ್ಟರು, ಚಹಾ ಬಿಟ್ಟರು. ಆಮೇಲೆ ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟರು. ಕಂಪ್ಲಿಯಲ್ಲಿ ತಂಗಿಯ ಮಗಳ ಸೀಮಂತಕ್ಕೂ ಹೋಗಲಿಲ್ಲ. ಕಾರಣ ಹೇಳಲು ನಾಚಿಕೆ. "ಅಕ್ಕಗ ನೌಕರಿ ಸೊಕ್ಕು" ಎಂದು ತಂಗಿ ಸಂಗಮ್ಮ ಫೋನ್ ಮಾಡುವುದನ್ನೇ ನಿಲ್ಲಿಸಿದಳು.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲದರಲ್ಲೂ ಏನೂ ಸಿಗಲಿಲ್ಲ. "ಏನೂ ಇಲ್ಲ, ಸುಮ್ಮನೆ ಕಲ್ಪನೆ" ಎಂದರು ಒಬ್ಬ ಡಾಕ್ಟರು. ಆ ಮಾತು ಕೇಳಿದ ಮೇಲೆ ಟೀಚರ್ ಯಾರ ಬಳಿಯೂ ಹೊಟ್ಟೆಯ ಸುದ್ದಿ ಎತ್ತಲಿಲ್ಲ.

ನಾಲ್ಕು ವರ್ಷದ ನಂತರ, ನೋವು ತಡೆಯಲಾಗದೆ ಇನ್ನೊಬ್ಬ ಡಾಕ್ಟರ ಬಳಿ ಹೋದರು. ಆ ಡಾ. ರಾಧಾಬಾಯಿ ಟೀಚರ್ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

"ಕರುಳಿನ ಗೋಡ್ಯಾಗ ಅದರದ್ದ ಒಂದು ನರಗಳ ಜಾಲ ಐತ್ರಿ. ಅದಕ್ಕೂ ತಲಿಗೂ ಯಾವಾಗ್ಲೂ ಮಾತುಕತಿ. ಭೇದಿ ಆದಮ್ಯಾಲ ಆ ನರ ಭಾಳ ಸೂಕ್ಷ್ಮ ಆಗ್ಯಾವ. ಸ್ವಲ್ಪ ಗಾಳಿ ತುಂಬಿದ್ರೂ ನೋವು ಅಂತ ತಲಿಗೆ ಹೇಳ್ತಾವ. ನೀವು ಹೆದರಿದ್ರ ಕರುಳು ಇನ್ನಷ್ಟು ಹಿಂಡ್ತೈತಿ."

"ಅಂದ್ರ ನಂದು ಕಲ್ಪನೆ ಅಲ್ಲೇನ್ರಿ?"

"ನೋವು ಖರೇನ ಐತ್ರಿ. ಪರೀಕ್ಷೆಯೊಳಗ ಕಾಣಂಗಿಲ್ಲ, ಅಷ್ಟ."

ಟೀಚರ್ ಅಲ್ಲೇ ಅತ್ತುಬಿಟ್ಟರು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಉಣ್ಣಲು, ನಿಧಾನ ಉಸಿರಾಡಲು ಹೇಳಿದರು. "ಒಬ್ಬರಿಗಾದ್ರೂ ಹೇಳ್ಕೋರಿ" ಎಂದರು.

ಎರಡು ವಾರಕ್ಕೆ ಬಸ್ಸು ಮತ್ತೆ ಲಾರಿಗಳ ನಡುವೆ ಸಿಕ್ಕಿತು. ಟೀಚರ್ ಎದ್ದು ಕಂಡಕ್ಟರ್ ಮಾರೆಪ್ಪನ ಹತ್ತಿರ ಹೋದರು. ವರ್ಷಗಟ್ಟಲೆ ಟಿಕೆಟ್ ಬಿಟ್ಟು ಬೇರೆ ಮಾತಾಡಿದವರಲ್ಲ.

"ಮಾರೆಪ್ಪಾ, ನನಗ ಹೊಟ್ಟಿ ತ್ರಾಸ್ ಐತಪ್ಪಾ. ಇಳೀಬೇಕು."

"ಅಲ್ಲೇ ನಮ್ಮತ್ತಿ ಸುಂಕಮ್ಮನ ಮನಿ ಐತ್ರಿ ಟೀಚರ್, ಪಾಯಖಾನಿನೂ ಐತಿ. ಹೋಗಿ ಬರ್ರಿ. ಬಸ್ಸು ಎಲ್ಲಿ ಹೋಗ್ತೈತಿ?"

ಕಾಯಿಲೆ ಪೂರ್ತಿ ಹೋಗಲಿಲ್ಲ; ನೋವಿನ ದಿನಗಳು ಕಡಿಮೆಯಾದವು. ದೀಪಾವಳಿಗೆ ತಂಗಿ ಕರೆಯದಿದ್ದರೂ ಟೀಚರ್ ಕಂಪ್ಲಿಗೆ ಹೋದರು. ಸಂಗಮ್ಮನ ಮೊಮ್ಮಗು ಆಗಲೇ ಓಡಾಡುತ್ತಿತ್ತು, ಇವರನ್ನು ಕಂಡು ಹೆದರಿ ಅಜ್ಜಿಯ ಸೆರಗು ಹಿಡಿಯಿತು. ಟೀಚರ್ ಎಲ್ಲವನ್ನೂ ಹೇಳಿದರು.

ಸಂಗಮ್ಮ ಅಕ್ಕನ ಪಕ್ಕಕ್ಕೆ ಬಂದು ಕೂತಳು. "ಇಷ್ಟ ಮಾತು ಅವತ್ತ ಹೇಳಾಕ ಬರ್ತಿರಲಿಲ್ಲೇನಕ್ಕಾ?"