ಗುವಾಹಟಿಗೆ ಮೂರೇ ಗಂಟೆ

2022ರಲ್ಲಿ ನಾನು ಕೊಡಗಿನ ಪೊನ್ನಂಪೇಟೆಯಲ್ಲಿ ಟ್ರಾವೆಲ್ ಏಜೆಂಟ್ ಆಗಿದ್ದೆ. ವಿಮಾನ ನಿಲ್ದಾಣವೇ ಇಲ್ಲದ ಜಿಲ್ಲೆಯಲ್ಲಿ ವಿಮಾನದ ಟಿಕೆಟ್ ಮಾರುವುದು ಒಂದು ಬಗೆಯ ಧರ್ಮಪ್ರಚಾರ. ಕಾಣದ ವಸ್ತುವಿನಲ್ಲಿ ಗಿರಾಕಿಗೆ ನಂಬಿಕೆ ಹುಟ್ಟಿಸಬೇಕು. ಹತ್ತಿರದ ಬಾಳೆಲೆ ಎಂಬ ಊರಿನ ಕಾಫಿ ಬೆಳೆಗಾರ ಬೋಪಣ್ಣನವರಲ್ಲಿ ಆ ನಂಬಿಕೆ ಅತಿಯಾಗಿಯೇ ಇತ್ತು.

ಅವರ ತಂಗಿಯ ಮಗಳು ದೇಚಮ್ಮ ಅರಣ್ಯಶಾಸ್ತ್ರ ಓದಿದವಳು. ಎಷ್ಟೋ ಅರ್ಜಿ ಹಾಕಿದ ಮೇಲೆ ಗುವಾಹಟಿಯ ಒಂದು ಸಂಶೋಧನಾ ಹುದ್ದೆಗೆ ಇಂಟರ್‌ವ್ಯೂ ಬಂದಿತ್ತು. ಇದ್ದದ್ದು ಒಂದೇ ಹುದ್ದೆ. ದಿನ ಮಾತ್ರ ಕೈಲ್‌ಪೊಳ್ದ್ ಕಳೆದು ಎರಡನೆಯ ಬೆಳಿಗ್ಗೆ. ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು, ಹಂದಿಮಾಂಸದ ಪಂದಿಕರಿ ಉಣ್ಣುವ ಹಬ್ಬ ಅದು. ಹಬ್ಬಕ್ಕೆ ಮೊದಲೇ ಹೊರಡಲಿ ಎಂದೆ. ಬೋಪಣ್ಣ ಫೋನನ್ನು ನನ್ನ ಮೂಗಿಗೆ ಹಿಡಿದರು.

"ಬೆಂಗಳೂರಿಂದ ಗುವಾಹಟಿಗೆ ಎರಡು ಸಾವಿರ ಕಿಲೋಮೀಟರ್, ಮೂರು ಗಂಟೆ. ಇಲ್ಲೇ ಉಂಟಲ್ಲ ಗೌಡ್ರೆ? ಇವಳೇನು ಎತ್ತಿನಗಾಡೀಲಿ ಹೋಗ್ತಾಳಾ?"

"ಅದು ಎರಡು ಏರ್‌ಪೋರ್ಟುಗಳ ನಡುವಿನ ಲೆಕ್ಕ ಸಾರ್. ಎರಡರಲ್ಲಿ ಒಂದೂ ಬಾಳೆಲೆಯಲ್ಲಿಲ್ಲ."

"ಮಾವ, ಪಂದಿಕರಿ ಮುಂದಿನ ವರ್ಷವೂ ಇರ್ತದೆ. ಈ ಕೆಲಸ ಇರೂದಿಲ್ಲ," ಎಂದಳು ದೇಚಮ್ಮ.

"ಮುಂದಿನ ವರ್ಷ ನಾನಿರ್ತೇನಾ?"

ಅವರಿಗಾಗ ಐವತ್ತೆರಡು. ಆರೋಗ್ಯ ಅವರ ಎಸ್ಟೇಟ್ ಜೀಪಿಗಿಂತ ಚೆನ್ನಾಗಿತ್ತು. ಆದರೂ ಸಭೆ ಅಲ್ಲಿಗೆ ಬರಖಾಸ್ತಾಯಿತು.

ಫ್ಲೈಟ್ ಟೈಮ್ ಎಂಬುದು ವಿಮಾನದ ಸಮಯ, ಪ್ರಯಾಣಿಕನದ್ದಲ್ಲ. ಬಾಳೆಲೆಯಿಂದ ಬೆಂಗಳೂರಿನ ಏರ್‌ಪೋರ್ಟಿಗೆ ಮುನ್ನೂರು ಕಿಲೋಮೀಟರೂ ಇಲ್ಲ, ಹೋಗಲು ಏಳು ಗಂಟೆ ಬೇಕು. ಆಮೇಲೆ ಚೆಕ್-ಇನ್, ಸೆಕ್ಯೂರಿಟಿ ತಪಾಸಣೆ. ಇದನ್ನೆಲ್ಲ ವಿವರಿಸಿ, ಸೋತು, ಹಬ್ಬದ ಮರುದಿನ ಮಧ್ಯಾಹ್ನದ ನೇರ ವಿಮಾನ ಬುಕ್ ಮಾಡಿದೆ.

ಆ ದಿನ ಬೋಪಣ್ಣನವರೇ ಏರ್‌ಪೋರ್ಟಿನಿಂದ ಫೋನ್ ಮಾಡಿದರು. "ತಲುಪಿ ಆಯ್ತು. ಬೇಕಾದಷ್ಟು ಟೈಮುಂಟು. ನೀವು ಸುಮ್ಮನೆ ಹೆದರಿಸಿದ್ರಿ ಮಾರಾಯ್ರೆ!" ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಮುಂದಿನ ಕರೆ ದೇಚಮ್ಮನದು. "ಅಂಕಲ್, ಸೆಕ್ಯೂರಿಟಿಯವರು ನನ್ನನ್ನು ನಿಲ್ಲಿಸಿದ್ದಾರೆ."

ಬೆಳಿಗ್ಗೆ ಚಳಿಯೆಂದು ಮಾವ ತಮ್ಮ ಜಾಕೆಟನ್ನು ಅವಳಿಗೆ ತೊಡಿಸಿದ್ದರು. ಹಿಂದಿನ ದಿನ ತೆಂಗಿನಕಾಯಿಗೆ ಹೊಡೆದು ಉಳಿದ ಒಂದು ತೋಟಾ, ಸಿಡಿಯದ ಜೀವಂತ ಗುಂಡು, ಅದರ ಒಳಜೇಬಿನಲ್ಲಿತ್ತು.

ಅಷ್ಟರಲ್ಲಿ ಏರ್‌ಪೋರ್ಟ್ ಗೇಟಿನ ಹೊರಗಿಂದ ಬೋಪಣ್ಣನವರ ಫೋನ್: "ನಾವು ಕೊಡವರು, ಕೋವಿಗೆ ಲೈಸೆನ್ಸ್ ಬೇಡ ಅಂತ ನೀವಾದ್ರೂ ಹೇಳಿ ಗೌಡ್ರೆ!"

ನಿಜ, ಅವರಿಗೆ ವಿನಾಯಿತಿ ಪತ್ರವಿತ್ತು. ಆದರೆ ವಿಮಾನದೊಳಗೆ ತೋಟಾ ಒಯ್ಯಲು ಅದು ಯಾರಿಗೂ ಅನುಮತಿ ಕೊಡುವುದಿಲ್ಲ. ಸಾಲದ್ದಕ್ಕೆ ಆ ಪತ್ರ ಬಾಳೆಲೆಯ ಕಪಾಟಿನಲ್ಲಿತ್ತು. ಮನೆಯವರು ಹುಡುಕಿ, ಫೋಟೋ ತೆಗೆದು ಕಳಿಸಿ, ಪೊಲೀಸರು ಹೇಳಿಕೆ ಬರೆಸಿಕೊಂಡು ಅವಳನ್ನು ಬಿಡುವ ಹೊತ್ತಿಗೆ ವಿಮಾನ ಹೋಗಿಯಾಗಿತ್ತು. ಕೋಲ್ಕತ್ತಾ ಮೂಲಕ ಸೀಟಿಲ್ಲ. ಮರುದಿನದ ವಿಮಾನ ಇಳಿಯುವುದು ಇಂಟರ್‌ವ್ಯೂ ಮುಗಿದ ಮೇಲೆ. ದಿನ ಬದಲಿಸಿ ಎಂದು ಆಯ್ಕೆ ಸಮಿತಿಯವರಲ್ಲಿ ದೇಚಮ್ಮ ಅಂಗಲಾಚಿದಳು. ಅವರು ಸಭ್ಯವಾಗಿಯೇ ಇಲ್ಲವೆಂದರು. ಹುದ್ದೆ ಬೇರೆಯವರ ಪಾಲಾಯಿತು.

ತಪ್ಪಿದ ಆ ವಿಮಾನ ಗುವಾಹಟಿಗೆ ಹೋದದ್ದು ಸರಿಯಾಗಿ ಮೂರು ಗಂಟೆಯಲ್ಲಿ. ಬೋಪಣ್ಣನವರ ಲೆಕ್ಕದಲ್ಲಿ ಹುಳುಕೇ ಇರಲಿಲ್ಲ. ಈ ಮಾತನ್ನು ಅವರು ಇಂದಿಗೂ ನನಗೆ ನೆನಪಿಸುತ್ತಾರೆ.

ಪ್ರಯಾಣವನ್ನು ಆಕಾಶದಿಂದ ಅಳೆಯಬಾರದು, ಮನೆಯ ಹೊಸ್ತಿಲಿನಿಂದ ಅಳೆಯಬೇಕು ಎಂಬುದು ಈ ಕಸುಬು ನನಗೆ ಕಲಿಸಿದ ಪಾಠ. ಗಿರಾಕಿಗಳಿಗೆ ಅದನ್ನು ಕಲಿಸಲು ನನ್ನಿಂದಾಗಲಿಲ್ಲ, ಒಬ್ಬಳ ಹೊರತು. ಮರುವರ್ಷ ದೇಚಮ್ಮ ಒಬ್ಬಳೇ ಬಂದಳು. ಡೆಹ್ರಾಡೂನಿನಲ್ಲಿ ಇಂಟರ್‌ವ್ಯೂ, ಮುಂದಿನ ವಾರ.

"ಎಷ್ಟು ಗಂಟೆ ಹಾರ್ತದೆ ಅಂತ ಹೇಳ್ಬೇಡಿ ಅಂಕಲ್. ಮನೆಯಿಂದ ಯಾವತ್ತು ಹೊರಡ್ಬೇಕು, ಅದು ಹೇಳಿ."

"ಇವತ್ತೇ," ಎಂದೆ.